ನೂಲಿಲ್ಲದ ಸೂಜಿ

ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅಡುಗೆ, ನಡುವಿನದರಲ್ಲಿ ಉಳಿದೆಲ್ಲ ಸಂಸಾರ. ಶಾಲಾ ಮಕ್ಕಳ ಅಂಗಿ ಹೊಲಿದು ಮೂರು ತಲೆಮಾರು ಉಂಡ ಮನೆ ಅದು. ಸೂಜಿಯೇ ಅನ್ನ ಕೊಡುತ್ತಿತ್ತು. ಆದರೂ ಬಸುರಿಗೆ ಏಳು ತಿಂಗಳು ತುಂಬಿತೆಂದರೆ ಅವಳ ಸೂಜಿಡಬ್ಬಿ ಅತ್ತೆಯ ಕಪಾಟು ಸೇರಬೇಕು. ತಾಯಿಗೆ ಚುಚ್ಚಿದ್ದು ಕೂಸಿಗೆ ತಾಗುತ್ತದೆ ಎಂಬುದು ಆ ಮನೆಯ ಕಟ್ಟಳೆ. ಯಾರಿಗೆ ಯಾವಾಗ ತಾಗಿತ್ತೋ, ಕೇಳುವ ಹಾಗಿರಲಿಲ್ಲ.

ಕಿರಿಯ ಸೊಸೆಗೆ ಈಗ ಎಂಟು ತಿಂಗಳು. ತಪಾಸಣೆಗೆ ಹೋದಾಗ ನರ್ಸ್ ಹೇಳಿದ್ದನ್ನು ಊಟದ ಹೊತ್ತಿಗೆ ಎತ್ತಿದಳು.

"ಫ್ಲೂ ಲಸಿಕೆ ಹಾಕಿಸ್ಕೋ ಅಂದ್ರು ಅತ್ತೆ. ಬಸುರಿಯರಿಗೆ ಆ ಜ್ವರ ಬಂದ್ರೆ ಜೋರಾಗೇ ಹಿಡಿಯುತ್ತಂತೆ. ಮಗು ಹುಟ್ಟಿದ ಮೇಲೂ ಕೆಲವು ತಿಂಗಳು ಅದಕ್ಕೆ ರಕ್ಷಣೆ ಇರುತ್ತಂತೆ."

"ನಾನು ಮೂರು ಹೆತ್ತೆ. ಒಂದೂ ಸೂಜಿ ಚುಚ್ಚಿಸ್ಕೊಂಡಿಲ್ಲ. ಮೂರೂ ಗುಂಡುಕಲ್ಲಿನ ಹಾಗಿಲ್ವಾ?"

ಗುಂಡುಕಲ್ಲುಗಳಲ್ಲಿ ಕಿರಿಯದು, ಅವಳ ಗಂಡ, ಅತ್ತ ದರಿ ಇತ್ತ ಪುಲಿ ಎಂಬಂತೆ ತಟ್ಟೆ ನೋಡುತ್ತ ಕೂತಿತ್ತು. ಹಿರಿಯ ಸೊಸೆ ಎದ್ದು ಕೈ ತೊಳೆಯಲು ಹೋದಳು. ಹೋದ ವರ್ಷ ಎಂಟನೇ ತಿಂಗಳಲ್ಲಿ ಅವಳೂ ಇದೇ ಮಾತು ಕೇಳಿ ಲಸಿಕೆ ಬಿಟ್ಟಿದ್ದಳು. ಮನೆಗೆಲ್ಲ ಫ್ಲೂ ಬಂತು. ಉಳಿದವರಿಗೆ ನಾಲ್ಕು ದಿನದ ಕೆಮ್ಮು, ಅವಳಿಗೆ ಶ್ವಾಸಕೋಶಕ್ಕೇ ಇಳಿಯಿತು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಒಬ್ಬಳೇ ಮನೆಗೆ ಬಂದಳು. ಎಲ್ಲರೂ ವಿಧಿ ಎಂದರು. ವಿಧಿಗೆ ಪಾಪ ಬಾಯಿಲ್ಲ, ಏನು ಹೊರಿಸಿದರೂ ಹೊರುತ್ತದೆ.

ಅದೇ ವಾರ ಶಾಲೆಯವರು ಅಂಗಿಗಳು ಎರಡು ದಿನ ಮೊದಲೇ ಬೇಕೆಂದರು. ನೂರೆಂಬತ್ತು ಅಂಗಿಗೆ ಇನ್ನೂ ಗುಂಡಿ ಬಿದ್ದಿರಲಿಲ್ಲ. ಅತ್ತೆ ಕಪಾಟು ತೆಗೆದು ಡಬ್ಬಿಯನ್ನು ಕಿರಿಯ ಸೊಸೆಯ ಮುಂದಿಟ್ಟಳು.

"ಸೂಜಿ ಮುಟ್ಟಬಾರದು ಅಂದ್ರಲ್ಲ ಅತ್ತೆ?"

"ನೂಲು ಪೋಣಿಸಿದ್ರೆ ದೋಷ ಇಲ್ಲ ಕಣೇ. ನಮ್ಮತ್ತೆ ಕಾಲದಿಂದ್ಲೂ ಹಾಗೇ."

ಆಹಾ, ಎಂಥ ಅನುಕೂಲದ ದೋಷ! ಸೊಸೆ ಗುಂಡಿ ಹಾಕಿದಳು. ಸಂಜೆಯ ಹೊತ್ತಿಗೆ ಸೂಜಿ ಬೆರಳಿಗೆ ಆಳವಾಗಿ ನಾಟಿತು.

"ಬಾಯಲ್ಲಿಟ್ಕೋ, ಕಾಲರಿಗೆ ರಕ್ತ ತಾಗ್ಸಬೇಡ" ಎಂದಳು ಅತ್ತೆ. ಕೂಸಿನ ಮಾತೇ ಬರಲಿಲ್ಲ.

ಮಾರನೆಯ ದಿನ ಅಂಗಿಗಳು ಹೋದವು. ಮಾವನಿಗೆ ಆಗಲೇ ಕೆಮ್ಮು ಶುರುವಾಗಿತ್ತು. ಕಿರಿಯ ಸೊಸೆ ಚಪ್ಪಲಿ ಮೆಟ್ಟಿದಳು.

"ಲಸಿಕೆಗೆ ಹೋಗ್ತಿದೀನಿ ಅತ್ತೆ. ನಿನ್ನೆ ಚುಚ್ಚಿದ್ದು ಅಂಗಿಗೋಸ್ಕರ, ಇವತ್ತಿಂದು ಮಗುಗೋಸ್ಕರ."

"ದೊಡ್ಡೋರ ಮಾತು ಮೀರಿ ಹೋಗ್ತೀಯಾ? ಹೆಚ್ಚುಕಮ್ಮಿ ಆದ್ರೆ ಯಾರೇ ಹೊಣೆ?"

"ನಾನೇ. ತೋಳು ನೋಯುತ್ತೆ, ಒಂದೆರಡು ದಿನ ಮೈ ಬಿಸಿ ಆಗ್ಬಹುದು ಅಂದಿದಾರೆ. ಜ್ವರ ಬರೋದೇ ಇಲ್ಲ ಅಂತ ಆಣೆ ಇಟ್ಟಿಲ್ಲ. ಬಂದ್ರೂ ಪ್ರಾಣಕ್ಕೆ ಬರೋದು ಕಡಿಮೆ ಅಂದ್ರು. ಸುಮ್ನೆ ಕೂತ್ರೆ ಏನಾಗ್ಬಹುದು ಅಂತ ಈ ಮನೇಲೇ ನೋಡಿದೀವಲ್ಲ."

ಯಂತ್ರ ತುಳಿಯುತ್ತಿದ್ದ ಹಿರಿಯ ಸೊಸೆಯ ಕಾಲು ನಿಂತಿತು. ಒಂದು ವರ್ಷದಿಂದ ಆಡದಿದ್ದ ಮಾತನ್ನು ಅವಳು ಲೆಕ್ಕದ ಪಾಠ ಒಪ್ಪಿಸುವಂತೆ ಹೇಳಿದಳು. "ನಾನೂ ಹೋಗಿದ್ರೆ, ಈಗ ನನ್ನ ಕೂಸು ಗೋಡೆ ಹಿಡ್ಕೊಂಡು ನಡೀತಿತ್ತೇನೋ. ನಡಿಯೇ, ನಾನೂ ಬರ್ತೀನಿ."

ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಮರಳಿದರು. ಅತ್ತೆ ಬಾಗಿಲಲ್ಲೇ ಕೂತಿದ್ದಳು.

"ನೋವಾಯ್ತಾ?"

"ತೋಳು ಸ್ವಲ್ಪ ಭಾರ, ಅಷ್ಟೇ ಅತ್ತೆ."

ಅತ್ತೆ ಹಿರಿಯ ಸೊಸೆಯ ಕಡೆ ತಿರುಗಿದಳು. "ಅವತ್ತು ನಿನ್ನ ಕಳಿಸ್ಬೇಕಿತ್ತು" ಎಂದಳು.

'ಅಯ್ಯೋ ಬಿಡಿ ಅತ್ತೆ, ಆಗಿದ್ದು ಆಯ್ತು' ಎಂದು ಹಿರಿಯ ಸೊಸೆ ಹೇಳಲಿಲ್ಲ.

"ಹೌದು ಅತ್ತೆ, ಕಳಿಸ್ಬೇಕಿತ್ತು" ಎಂದು ಹೇಳಿ ಯಂತ್ರಕ್ಕೆ ಕೂತಳು.