ಬಣ್ಣ ಹೊಡೆಯದ ಗೋಡೆ

ಬಂಟ್ವಾಳದ ನಮ್ಮ ಓಣಿಯಲ್ಲಿ ಯಾರೂ ಗೋಡೆಯ ಕೆಳಭಾಗಕ್ಕೆ ಬಣ್ಣ ಹೊಡೆಸುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ಹೊಳೆ ಮನೆಯೊಳಗೆ ಬಂದರೆ ಬಣ್ಣ ಹೇಗೂ ಹೋಗುತ್ತದೆ. ಆ ಬೋಳು ಗೋಡೆಯನ್ನು ಬೇಸಿಗೆಯಲ್ಲಿ ಮಗಳು ಫಿದಾಳಿಗೆ ಬಿಟ್ಟುಕೊಟ್ಟೆ.

ಅವಳು ಕಾಗದ ಮುಟ್ಟುವುದನ್ನೇ ನಿಲ್ಲಿಸಿದ್ದಳು. ಅವಳು ಬಿಡಿಸಿದ ಅಜ್ಜಿಯನ್ನು ಒಂದನೇ ತರಗತಿಯ ಮಕ್ಕಳು ಬಟಾಟೆ ಎಂದು ಗೇಲಿ ಮಾಡಿದ್ದರು. ಆಮೇಲೆ ಆ ಅಜ್ಜಿಯೂ, ನನ್ನ ಹೆತ್ತ ಉಮ್ಮ ಅವ್ವಮ್ಮ, ತೀರಿಕೊಂಡರು. ಉಮ್ಮ ಫೋಟೋಕ್ಕೆ ಒಪ್ಪಿದವರಲ್ಲ. ಮೊಬೈಲು ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ಆಧಾರ್ ಕಾರ್ಡಿನಲ್ಲಿ ಇರುವುದು ಒಂದು ಕಪ್ಪು ಮಚ್ಚೆ. ಅಜ್ಜಿಯ ಮುಖ ಮರೆತುಹೋದರೆ ಏನು ಮಾಡುವುದು ಎಂದು ಫಿದಾ ಅನ್ನದ ಮುಂದೆ ಕೂತು ಅಳುತ್ತಿದ್ದಳು.

"ಸೀಮೆಸುಣ್ಣದಲ್ಲಿ ಗೋಡೆಗೆ ಬರಿ. ಸರಿಯಾಗದಿದ್ರೆ ಒದ್ದೆ ಬಟ್ಟೆಯಲ್ಲಿ ಒರೆಸುವ."

"ಯಾರಾದ್ರೂ ನಗಾಡಿದ್ರೆ?"

"ನಾನು ಅಡ್ಡ ಕೂತ್ಕೊಳ್ತೇನೆ. ಯಾರಿಗೂ ಕಾಣುದಿಲ್ಲ."

ಬೂತಾಯಿ ಮೀನು ಕೊಯ್ಯುವಾಗ, ಅಕ್ಕಿ ಆರಿಸುವಾಗ ನಾನು ಅವಳ ಪಕ್ಕದಲ್ಲೇ ಕೂತೆ. ತಿದ್ದಲಿಲ್ಲ. ಅಜ್ಜಿಯ ಕಿವಿಯಂಚಿನಲ್ಲಿ ಸಾಲಾಗಿ ಏನಿತ್ತು ಎಂದು ಕೇಳಿದೆ. ಮರುದಿನ ಗೋಡೆಯ ಮೇಲೆ ಅಲಿಕತ್ತು ತೂಗಾಡಿತು. ಬಾಯಿಯೊಳಗೆ ಏನಿರುತ್ತಿತ್ತು? ಒಂದು ಕೆನ್ನೆ ವೀಳ್ಯದಿಂದ ಉಬ್ಬಿತು.

ಅಂಗಡಿಯಿಂದ ಬಂದ ನನ್ನ ಗಂಡ ಹನೀಫಾ ಸೊಂಟಕ್ಕೆ ಕೈಯಿಟ್ಟು ನಿಂತರು. "ಇದು ಅಜ್ಜಿಯಾ, ನೀರುದೋಸೆಯಾ ಮಾರಾಯ್ತಿ?"

ನಾನು ಗೋಡೆಗೂ ಅವರಿಗೂ ನಡುವೆ ಸರಿದು ಕೂತೆ.

"ನೀರುದೋಸೆಗೆ ಕಿವಿ ಉಂಟಾ ಬಾಪಾ?" ಎಂದು ಫಿದಾ ನಕ್ಕಳು.

ಬರೆದಳು, ಒರೆಸಿದಳು. ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಾ ತಿರುಗಿ ನೋಡಿದರೆ ಉಮ್ಮ ಗೋಡೆಯಲ್ಲಿದ್ದರು. ಕಿವಿ ಮಂದವಾಗಿದ್ದ ಉಮ್ಮ ತಲೆಯನ್ನು ಒಂದು ಬದಿಗೆ ವಾಲಿಸಿ ಮಾತು ಆಲಿಸುತ್ತಿದ್ದ ಅದೇ ಭಂಗಿ. ಆ ಚಿತ್ರವನ್ನು ಅವಳು ಒರೆಸಲಿಲ್ಲ.

ಆಟಿ ತಿಂಗಳ ಮಳೆಗೆ ಹೊಳೆ ಏರಿತು. ಅಕ್ಕಿ, ಹಾಸಿಗೆ, ಮಿಕ್ಸಿ ಅಟ್ಟಕ್ಕೆ ಹೋದವು. ಹನೀಫಾ ಮೊಬೈಲು ಎತ್ತಿದರು. "ಒಂದು ತೆಗೆದಿಡುವ, ಆಯ್ತಾ?"

ಫಿದಾ ಚಿತ್ರಕ್ಕೆ ಬೆನ್ನು ಹಚ್ಚಿ ಎರಡೂ ಕೈ ಚಾಚಿದಳು. "ಬೇಡ! ಅಜ್ಜಿಗೆ ಫೋಟೋ ಆಗುದಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.

"ನಿನ್ನ ಕೈಗೆ ಈಗ ಗೊತ್ತುಂಟಲ್ಲ ಮಗಾ. ಬಂದ ಮೇಲೆ ಪುನಃ ಬರಿವ" ಎಂದು ಫಿದಾಳಿಗೆ ಹೇಳಿದೆ.

ಮೂಡುಬಿದಿರೆಯ ನನ್ನ ತಂಗಿ ಸಮೀನಾಳ ಮನೆಗೆ ಹೋದೆವು. ನೀರಿಳಿದ ಮೇಲೆ ಬಂದು ಕೆಸರು ಬಾಚಿದೆವು; ಚಿತ್ರ ಅಳಿಸಿಹೋಗಿತ್ತು. ಫಿದಾ ತಾನೇ ಗೋಡೆ ತೊಳೆದು, ಪೂರ್ತಿ ಒಣಗುವ ಮೊದಲೇ ಸೀಮೆಸುಣ್ಣ ಹಿಡಿದಳು. ಕಿವಿ ಬಂತು. ಅಲಿಕತ್ತು ಬಂತು. ಕೆನ್ನೆಯೂ ಬಂತು. ತಲೆ ಮಾತ್ರ ನೆಟ್ಟಗೆ ನಿಂತಿತು.

"ಉಮ್ಮಾ, ಅಜ್ಜಿ ಯಾವ ಬದಿಗೆ ವಾಲ್ತಿದ್ರು?"

ಹೇಳಲು ಬಾಯಿ ತೆರೆದೆ. ಜೀವನವಿಡೀ ಆ ಕಿವಿಗೆ ಕೂಗಿ ಮಾತಾಡಿದವಳು ನಾನು, ಅದು ಯಾವ ಬದಿಯ ಕಿವಿ ಎಂದೇ ಹೊಳೆಯಲಿಲ್ಲ.

"ಬಲಕ್ಕೆ" ಎಂದೆ.

ಬರೆದಳು. ಇಬ್ಬರೂ ನೋಡಿದೆವು.

"ಇವರು ಯಾರೋ ಬೇರೆ" ಎಂದಳು. ಒರೆಸಿ ಎಡಕ್ಕೆ ವಾಲಿಸಿದಳು. ಬಹಳ ಹೊತ್ತು ನೋಡಿದಳು. "ಇವರೂ ಅಲ್ಲ. ನಿಮಗೆ ನೆನಪುಂಟಲ್ಲ ಉಮ್ಮಾ?"

ನಾನು ಬಕೆಟಿನ ಬಳಿ ಕೂತು ಬಟ್ಟೆ ಅದ್ದಿ, ಹಿಂಡಿ, ಅವಳ ಕೈಗೆ ಕೊಟ್ಟೆ.