ಹುಲಿಗೆ ಮೂರು, ಹಂಸಕ್ಕೆ ಒಂಬತ್ತು

ಕಣ್ಣಿನ ಡಾಕ್ಟರಮ್ಮ ಕಾರಿನ ಹಿಂಬಾಗಿಲನ್ನು ಮೂರನೆಯ ಸಲ ತೆಗೆದು ಮುಚ್ಚಿದರು. ಸದ್ದು ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆತ್ತಗಿತ್ತು. ಕೈಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ಒಂದು ಗೀಟು ಎಳೆದುಕೊಂಡರು.

"ಹನ್ನೆರಡು ವಿಷಯ ಬರ್ಕೊಂಡಿದ್ದೆ. ಇದಕ್ಕೆ ಒಂಬತ್ತು ಬಂತು, ಎದುರುಗಡೇದಕ್ಕೆ ಮೂರು," ಎಂದರು. "ಆದ್ರೂ ಯಾಕೋ ಮನಸ್ಸು ಒಪ್ತಾ ಇಲ್ಲ ಕಣಮ್ಮ."

ಪಕ್ಕದಲ್ಲಿ ನಿಂತಿದ್ದ ಮಾರಾಟದ ಮೇಡಂ ನಕ್ಕಳು. ಹದಿನಾಲ್ಕು ವರ್ಷದಿಂದ ಅವಳಿಗೆ ಇದೇ ಕೆಲಸ. ಗಿರಾಕಿ ಹೀಗೆ ತೂಗುಯ್ಯಾಲೆಯಲ್ಲಿ ಇರುವಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿ ತರಿಸಬೇಕು, ಬುಕಿಂಗ್ ಫಾರಂ ಮೇಜಿನ ಮೇಲಿಡಬೇಕು, ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಸಿಗುವ ಹಾಗೆ ಇಟ್ಟು ಸುಮ್ಮನಾಗಬೇಕು. ಅವಳು ಕಾಫಿ ತರಿಸಿದಳು. ಫಾರಂ ಇಟ್ಟಳು. ಪೆನ್ನು ಮಾತ್ರ ಅವಳ ಕೈಯಲ್ಲೇ ಉಳಿಯಿತು.

ಕಾರಣ ರಸ್ತೆಯ ಆಚೆ ಕೂತಿತ್ತು. ಎರಡು ಷೋರೂಮುಗಳೂ ಗಾಜಿಗೆ ಗಾಜು ಎದುರಾಗಿ ನಿಂತಿದ್ದವು, ನಡುವೆ ಆರು ಸಾಲು ವಾಹನಗಳು ಓಡುವ ರಸ್ತೆ. ಆಚೆಯ ಗಾಜಿನ ಹಿಂದೆ, ಮೂರನೆಯ ಮೇಜಿನಲ್ಲಿ, ಟೈ ಕಟ್ಟಿಕೊಂಡ ಗಂಡಸೊಬ್ಬ ಆಗಲೇ ಜೋಡಿಸಿಟ್ಟ ಕಾಗದಗಳನ್ನು ಮತ್ತೆ ಜೋಡಿಸುತ್ತಿದ್ದ. ಅವನು ಅವಳ ಗಂಡ. ಒಂದು ವಾರದಿಂದ ಆ ರಸ್ತೆ ದಾಟಿ ದಾಟಿ ಎರಡೂ ಕಾರುಗಳನ್ನು ಅಳೆಯುತ್ತಿದ್ದ ಡಾಕ್ಟರಮ್ಮನಿಗೆ ಅದು ಗೊತ್ತಿರಲಿಲ್ಲ. ಗಿರಾಕಿಗಳಿಗೆ ಗೊತ್ತಾಗಬಾರದೆಂದೇ ಅವನು ದಿನಾ ಬೆಳಿಗ್ಗೆ ಅವಳನ್ನು ನೂರು ಹೆಜ್ಜೆ ಹಿಂದೆಯೇ, ಬ್ಯಾಂಕಿನ ಮೂಲೆಯಲ್ಲಿ ಇಳಿಸುತ್ತಿದ್ದ. ಇಳಿಸುತ್ತಿದ್ದುದು ಹನ್ನೆರಡು ವರ್ಷದ ಹಳೆಯ ಪುಟ್ಟ ಕಾರಿನಿಂದ. ವೇಗ ನಲವತ್ತು ದಾಟಿದರೆ ಅದಕ್ಕೆ ಚಳಿಜ್ವರ ಬಂದಂತೆ ನಡುಕ ಬರುತ್ತಿತ್ತು.

ಗಂಡ ಮಾರುವ ಕಾರು ಗುರುಗುಟ್ಟುತ್ತದೆ, ಅವಳು ಮಾರುವುದು ತೇಲುತ್ತದೆ. ಹುಲಿ, ಹಂಸ ಎಂದು ಹೆಸರಿಟ್ಟವಳು ಮಗಳು, ಆರು ವರ್ಷದವಳಿದ್ದಾಗ. ಆಗ ಯಾರ ಕಾರಿನ ಬ್ರೇಕು ಮೇಲು ಎಂಬ ವಿಷಯಕ್ಕೆ ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ಒಂದು ಕಟ್ಟಲೆ ಮಾಡಿಕೊಂಡರು: ಸಂಜೆ ಪುಟ್ಟ ಕಾರಿನ ಬಾಗಿಲು ಹಾಕಿದ ಮೇಲೆ ಷೋರೂಮಿನ ಮಾತು ಎತ್ತಕೂಡದು. ಹನ್ನೊಂದು ವರ್ಷ ಇಬ್ಬರೂ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದರು.

ಆ ಕಟ್ಟಲೆಗೆ ಇದ್ದ ಒಂದೇ ಕಿಂಡಿ ಬಚ್ಚಲುಮನೆ. ಗಂಡ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯ ಮುಂದೆ ಹುಲಿಯನ್ನು ಮಾರುತ್ತಿದ್ದ. "ಶುರುವಾಯ್ತು ಅಪ್ಪನ ರೇಡಿಯೋ," ಎಂದು ಮಗಳು ನಗುತ್ತಿದ್ದಳು. ಆದರೆ ಬಾಗಿಲಾಚೆಯಿಂದ ಬರುತ್ತಿದ್ದ ಆ ಮಾತು ಕೇಳಿದರೆ ಎಂಥವನಿಗೂ ಒಂದು ಹುಲಿ ಬೇಕು ಅನ್ನಿಸಬೇಕು. "ಬೇರೆ ಗಾಡಿಗಳು ನಿಮ್ಮನ್ನ ಕರ್ಕೊಂಡು ಹೋಗ್ತವೆ ಸಾರ್. ಇದನ್ನ ನೀವು ಕರ್ಕೊಂಡು ಹೋಗ್ತೀರಿ. ಅವುಗಳಲ್ಲಿ ಕೂತ್ರೆ ಊರು ಯಾವಾಗ ಬರತ್ತಪ್ಪ ಅನ್ಸತ್ತೆ. ಇದರಲ್ಲಿ ಕೂತ್ರೆ, ಅಯ್ಯೋ, ಇಷ್ಟು ಬೇಗ ಬಂದ್ಬಿಡ್ತಾ ಅನ್ಸತ್ತೆ."

ಇಷ್ಟು ಚೆಂದ ಮಾತಾಡುವ ಮನುಷ್ಯ ನಿಜವಾದ ಗಿರಾಕಿಯ ಮುಂದೆ ನಿಂತರೆ ಮುಗಿಯಿತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡು, ಡಿಕ್ಕಿಯಲ್ಲಿ ಇಷ್ಟು ಜಾಗ, ಚಕ್ರದ ಅಳತೆ ಇಷ್ಟು ಎಂದು ಒಪ್ಪಿಸುತ್ತ ಹೋಗುತ್ತಿದ್ದ. "ಎದುರುಗಡೆ ಇರೋರು ಒಳ್ಳೇವ್ರೇ, ಪಾಪ," ಎಂದು ಡಾಕ್ಟರಮ್ಮನೇ ಮೊದಲ ದಿನ ಹೇಳಿದ್ದರು. "ಆದ್ರೆ ರೈಲ್ವೆ ಸ್ಟೇಷನ್ ಮೈಕ್ ಇದ್ದ ಹಾಗೆ ಮಾತಾಡ್ತಾರೆ." ಅವಳು ನಕ್ಕಿದ್ದಳು. ಆ ನಗು ಆ ರಾತ್ರಿಯೆಲ್ಲ ಅವಳನ್ನು ಚುಚ್ಚಿತು.

ಎರಡು ತಿಂಗಳಿಂದ ಅವನ ಕೈಯಲ್ಲಿ ಒಂದು ಕಾರೂ ಹೋಗಿರಲಿಲ್ಲ. ಈ ತಿಂಗಳೂ ಹಾಗೇ ಆದರೆ ಅವನನ್ನು ಊರಾಚೆ ಹಳೆಯ ಕಾರುಗಳನ್ನು ನಿಲ್ಲಿಸುವ ಯಾರ್ಡಿಗೆ ಹಾಕುತ್ತಾರಂತೆ. ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು. ಈ ಸುದ್ದಿಯನ್ನು ಅವನು ಹೇಳಿರಲಿಲ್ಲ, ಕಟ್ಟಲೆ ಇತ್ತಲ್ಲ. ಆಚೆ ಷೋರೂಮಿನ ಕಾವಲುಗಾರನಿಂದ ಅವಳಿಗೆ ಗೊತ್ತಾಗಿತ್ತು. ಗಂಡನನ್ನು ಕರೆದು ಕೂರಿಸಿ ನಾಲ್ಕು ಬುದ್ಧಿಮಾತು ಹೇಳೋಣವೆಂದರೆ ಆ ಧೈರ್ಯ ಯಾರಿಗಿದೆ? ಮದುವೆಯಾದ ಹೊಸದರಲ್ಲಿ ಅವಳ ಅಣ್ಣ ಇವನಿಗೆ ಒಂದು ಕಡೆ ಕೆಲಸ ಕೊಡಿಸಿದ್ದ. ಅಣ್ಣ ಫೋನು ಮಾಡಿ ಶಿಫಾರಸು ಮಾಡಿದ್ದನೆಂದು ತಿಳಿದ ಮೂರನೆಯ ದಿನವೇ ಇವನು ರಾಜೀನಾಮೆ ಬಿಸಾಕಿ ಬಂದಿದ್ದ. "ಯಾರದೋ ಕೈ ಹಿಡ್ಕೊಂಡು ನಡೆಯೋಕೆ ನಾನೇನು ಮಗೂನಾ?" ಎಂದಿದ್ದ. ಆಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದ.

"ನೀವು ಸುಳ್ಳು ಹೇಳೋರ ಹಾಗೆ ಕಾಣಲ್ಲ," ಡಾಕ್ಟರಮ್ಮ ಕಾಫಿ ಬಟ್ಟಲು ಕೆಳಗಿಟ್ಟರು. "ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಇದರಲ್ಲಿ ಇಲ್ಲದ್ದು ಅದರಲ್ಲಿ ಏನಿದೆ?"

ಇಂಥ ಪ್ರಶ್ನೆಗೂ ತರಬೇತಿಯಲ್ಲಿ ಉತ್ತರ ಕಲಿಸಿರುತ್ತಾರೆ. ಎದುರಿನವರನ್ನು ಬಯ್ಯಬಾರದು, ಹೊಗಳಲೂಬಾರದು. ಮಾತನ್ನು ನಮ್ಮ ಕಾರಿನ ಸೀಟಿಗೆ ತಂದು ಕೂರಿಸಬೇಕು. ಅವಳು ಹಂಸದ ಸೀಟು ನೋಡಿದಳು. ಮೊನ್ನೆ ಅದೇ ಸೀಟಿನಲ್ಲಿ ಕೂತು ಊರು ಸುತ್ತುವಾಗ ಡಾಕ್ಟರಮ್ಮ ಮಾರನೆಯ ದಿನದ ಆಪರೇಷನ್ನುಗಳ ಬಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಹುಲಿಯನ್ನು ಓಡಿಸಿ ಬಂದ ದಿನ, ಅವಳು ಈ ಗಾಜಿನೊಳಗಿಂದಲೇ ನೋಡಿದ್ದಳು, ಎಂಜಿನ್ ಆರಿಸಿದ ಮೇಲೂ ಐದು ನಿಮಿಷ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. ಕೂದಲು ಕೆದರಿತ್ತು. ಐವತ್ತೆಂಟರ ಹೆಂಗಸು ಹದಿನೆಂಟರವಳ ಹಾಗೆ ಕಾಣುತ್ತಿದ್ದರು. ಆ ಹನ್ನೆರಡರ ಪಟ್ಟಿಯಲ್ಲಿ ಅದಕ್ಕೊಂದು ಗೀಟು ಇರಲಿಲ್ಲ.

"ಈ ಗಾಡಿ ನಿಮ್ಮನ್ನ ಕರ್ಕೊಂಡು ಹೋಗತ್ತೆ ಮೇಡಂ," ಎಂದಳು. ಅದು ತನ್ನ ದನಿಯಂತೆಯೇ ಅವಳಿಗೆ ಕೇಳಿಸಲಿಲ್ಲ. "ಅದನ್ನ ನೀವು ಕರ್ಕೊಂಡು ಹೋಗ್ತೀರಿ. ಇದರಲ್ಲಿ ಕೂತ್ರೆ ಊರು ಯಾವಾಗ ಬರತ್ತಪ್ಪ ಅನ್ಸತ್ತೆ. ಅದರಲ್ಲಿ..." ಮುಂದಿನ ಸಾಲು ಬಾಯಿಗೆ ಬರಬೇಕಿತ್ತು. ಬೇರೆಯೇ ಬಂತು. "ಅದರಲ್ಲಿ ನಿಮ್ಮ ಮನೆ ಗೇಟೇ ಕಂಡ್ರೂ ಇಳಿಯೋಕೆ ಮನಸ್ಸಾಗಲ್ಲ. ಇನ್ನೊಂದು ಸುತ್ತು ಹೋಗ್ಬರೋಣ ಅನ್ಸತ್ತೆ."

ಆಡಿದ ಮೇಲೆ ಅದು ಎಲ್ಲಿಯ ಮಾತೆಂದು ಅವಳಿಗೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ಅವನ ಕಾಲ ಚೆನ್ನಾಗಿದ್ದಾಗ, ಷೋರೂಮಿನವರು ಒಂದು ಭಾನುವಾರದ ಮಟ್ಟಿಗೆ ಹುಲಿಯನ್ನು ಅವನಿಗೆ ಕೊಟ್ಟಿದ್ದರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೇ ಹೋಗಿದ್ದರು. ವಾಪಸು ಬರುವಾಗ ಮನೆಯ ಗೇಟು ಕಂಡಿತು. ಅವನು ತಿರುಗಿಸಲಿಲ್ಲ. "ಇನ್ನೊಂದು ಸುತ್ತು ಹೋಗ್ಬರೋಣ್ವಾ?" ಎಂದ. ಹಾಗೆ ಮೂರು ಸುತ್ತು ಆಯಿತು. ಈ ಮಾತು ಇಡೀ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಡಾಕ್ಟರಮ್ಮ ಆಚೆ ಹೋಗಿ ಇದನ್ನು ಆಡಿದರೆ, ಕಳಿಸಿದವರು ಯಾರೆಂದು ಅವನಿಗೆ ಹೇಳುವುದೇ ಬೇಡ.

ಡಾಕ್ಟರಮ್ಮ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು, "ಥ್ಯಾಂಕ್ಸಮ್ಮ," ಎಂದು ಎದ್ದರು.

ಗಾಜಿನ ಬಾಗಿಲು ಮುಚ್ಚುವ ಮೊದಲೇ ಮ್ಯಾನೇಜರು ಬಂದರು. "ಏನ್ ಮೇಡಂ, ಕೈಗೆ ಬಂದೋರನ್ನ ಬಿಟ್ಬಿಟ್ರಿ? ಏನಂದ್ರಿ ಅವರಿಗೆ?"

"ಅವರು ಕೇಳಿದ್ದಕ್ಕೆ ಉತ್ತರ ಹೇಳಿದೆ ಸಾರ್."

"ಸಂಬಳ ಕೊಡೋರು ನಾವು ಅನ್ನೋದು ನೆನಪಿರ್ಲಿ," ಎಂದು ಅವರು ಹೋದರು. ಅವಳು ಬುಕಿಂಗ್ ಫಾರಂ ಎತ್ತಿ ಡ್ರಾಯರಿಗೆ ಹಾಕಿದಳು.

ಆಚೆ ಗಂಡ ಎದ್ದು ನಿಂತ. ಟೈ ಸರಿಮಾಡಿಕೊಂಡ. ಡಾಕ್ಟರಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಏನೋ ಹೇಳಿದರು, ಕೈ ಎತ್ತಿ ಈ ಕಡೆ ತೋರಿಸಿದರು. ಗಂಡ ತಿರುಗಿ ನೋಡಿದ. ಅಷ್ಟು ದೂರಕ್ಕೆ ಮುಖಭಾವ ಕಾಣುವಂತಿರಲಿಲ್ಲ. ಬಸ್ಸೊಂದು ಅಡ್ಡ ಬಂತು, ಅದರ ಹಿಂದೆ ಇನ್ನೊಂದು. ಅವು ಹೋದ ಮೇಲೆ ನೋಡಿದರೆ ಇಬ್ಬರೂ ಮೇಜಿನ ಎದುರುಬದುರು ಕೂತಿದ್ದರು, ಡಾಕ್ಟರಮ್ಮ ತಲೆ ತಗ್ಗಿಸಿ ಬರೆಯುತ್ತಿದ್ದರು. ಗಂಡ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಯಾರೋ ಅವನ ಬೆನ್ನು ತಟ್ಟಿದರು. ಅವನು ಅಲುಗಾಡಲಿಲ್ಲ.

ಸಂಜೆ ಬ್ಯಾಂಕಿನ ಮೂಲೆಯಲ್ಲಿ ಪುಟ್ಟ ಕಾರು ನಿಂತಿತ್ತು. ಅವಳು ಹತ್ತಿ ಬಾಗಿಲು ಎಳೆದುಕೊಂಡಳು. ಒಂದೇ ಸಲಕ್ಕೆ ಅದು ಎಂದೂ ಕೂರುವುದಿಲ್ಲ, ಎರಡನೆಯ ಸಲ ಬಡಿದಾಗ ಕೂತಿತು. ಅವನು ಗೇರು ಹಾಕಿದ. ಕಾರು ಎರಡು ಸಿಗ್ನಲ್ ದಾಟಿತು. ಊಟದ ಡಬ್ಬಿಯ ಚೀಲವನ್ನು ಅವಳು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾಳೆ ಬೆಳಿಗ್ಗೆ ರಾಜೀನಾಮೆ ಬರೆಯುತ್ತಾನೆ ಎಂದುಕೊಂಡಳು. ಇಲ್ಲ, ಆಗಲೇ ಬರೆದುಕೊಟ್ಟು ಬಂದಿರಬಹುದು. ತನ್ನ ಬಾಯಿಗೆ ಬೆಂಕಿ ಬೀಳ ಎಂದು ತನ್ನನ್ನೇ ಬೈದುಕೊಂಡಳು.

"ಡಾಕ್ಟರು ಬುಕ್ ಮಾಡಿದ್ರು," ಅವನು ರಸ್ತೆ ನೋಡುತ್ತಲೇ ಹೇಳಿದ.

ಹನ್ನೊಂದು ವರ್ಷದ ಕಟ್ಟಲೆ ಮುರಿದಿತ್ತು.

"ಎದುರುಗಡೆ ಮೇಡಂ ಹೇಳಿದ್ರಂತೆ. ಇನ್ನೊಂದು ಸುತ್ತು ಅಂತ."

"ರೀ..."

"ಬೆಲ್ಟ್ ಹಾಕಿಲ್ಲ ನೀನು."

ಅವಳು ಬೆಲ್ಟ್ ಎಳೆದು ಹಾಕಿಕೊಂಡಳು. ಔಷಧಿ ಅಂಗಡಿ, ಇಸ್ತ್ರಿ ಅಂಗಡಿ, ಪೋಸ್ಟ್ ಡಬ್ಬ ದಾಟಿ ಕಾರು ಅವರ ರಸ್ತೆಗೆ ತಿರುಗಿತು. ಮಗಳು ಗೇಟು ತೆಗೆದು ಹಿಡಿದುಕೊಂಡು ನಿಂತಿದ್ದಳು. ಕಾರಿನೊಳಗೆ ಅವಳು ಡಬ್ಬಿಯ ಚೀಲವನ್ನು ಹೆಗಲಿಗೆ ಏರಿಸಿಕೊಂಡು, ಬಾಗಿಲಿನ ಹಿಡಿಗೆ ಕೈಯಿಟ್ಟಳು.

ಅವನು ಇಂಡಿಕೇಟರ್ ಹಾಕಲಿಲ್ಲ. ಪುಟ್ಟ ಕಾರು ಗೇಟನ್ನೂ ಬಾಯಿ ಬಿಟ್ಟುಕೊಂಡು ನಿಂತ ಮಗಳನ್ನೂ ದಾಟಿ, ನಡುಗುತ್ತಾ ನೇರ ಮುಂದೆ ಹೋಯಿತು.