ಮರಿಯವ್ವನ ಖಾನಾವಳಿ

ಕನ್ನಡ ನಾಡು ಒಂದಾಯಿತೆಂದು ಗದಗಿನವರೆಲ್ಲ ಪೇಢೆ ಹಂಚುತ್ತಿದ್ದರೆ ನನಗೆ ಮಾತ್ರ ಕೈತುಂಬ ಕೆಲಸ. ಐವತ್ತಾರರ ನವೆಂಬರ್ ಅದು. ಬೋರ್ಡುಗಳ ಮೇಲಿನ ‘ಮುಂಬಯಿ ರಾಜ್ಯ’ ಅಳಿಸಿ ‘ಮೈಸೂರು ರಾಜ್ಯ’ ಬರೆಯಬೇಕು, ಎಲ್ಲರಿಗೂ ಈ ಪೇಂಟರ್ ಮಾಶಾಕನೇ ಬೇಕು. ಅವಸರ ಮಾಡಿದವರಿಗೆಲ್ಲ ಬೈದೆ, ಬೈಸಿಕೊಂಡವರಿಗೇ ಮೊದಲು ಬರೆದುಕೊಟ್ಟೆ. ಅಂಥದರಲ್ಲಿ ಒಂದು ಮಧ್ಯಾಹ್ನ ಸ್ಟೇಶನ್ ರಸ್ತೆಯ ಹುಲಗಪ್ಪನ ಖಾನಾವಳಿಗೆ ಹೋದೆ. ಬೋರ್ಡು ಒಂದು ನೆಪ, ಹೋದದ್ದು ಊಟಕ್ಕೆ.

ಹುಲಗಪ್ಪ ಅಸುಂಡಿಯವನು. ಮಿಲಿಟರಿ ಸೇರಿ ಇಟಲಿಯವರೆಗೆ ಹೋಗಿ ಯುದ್ಧ ಮಾಡಿ ಬಂದವನು. ಅಲ್ಲಿಂದ ತಂದದ್ದು ಒಂದು ಅಡುಗೆ. ಮೊದಮೊದಲು ಅದನ್ನು ‘ಪಾಸ್ತಾ’ ಎಂದು ಕೂಗಿದ. ಜನ ಪಿಸ್ತಾ ಎಂದು ತಿಳಿದು, ನಮಗೆಲ್ಲಿಯ ಶ್ರೀಮಂತಿಕೆ ಎಂದು ಮುಂದೆ ಹೋದರು. ‘ಇಟಲಿ ಶಾವಿಗಿ’ ಎಂದ ಮೇಲೆ ಬಂದು ಕೂತರು, ಕೂತವರು ಹಾಲು ಬೆಲ್ಲ ಕೇಳಿದರು. ಅವನು ಬೆಳ್ಳುಳ್ಳಿ, ಟೊಮೆಟೊ, ಕಾರವಾರದ ಒಣ ಸೀಗಡಿ ಹಾಕಿದ ಕೆಂಪು ಶಾವಿಗೆ ತಂದಿಟ್ಟ. ಒಮ್ಮೆ ತಿಂದವರು ಮತ್ತೆ ಬಂದರು. ಮುಂಡರಗಿಯ ಕಡೆಯಿಂದ ಹೊಳೆಮೀನು ಬಂದ ದಿನವಂತೂ ಬಾಗಿಲಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ.

ಆದರೆ ಆ ಶಾವಿಗೆ ಹುಲಗಪ್ಪನ ಕೈಯದಲ್ಲ. ಅವನ ಹೆಂಡತಿ ಹನಮಂತವ್ವ ನಸುಕಿನಲ್ಲೆದ್ದು ಜವೆಗೋಧಿಯ ರವೆಗೆ ತತ್ತಿ ಒಡೆದು ಹಾಕಿ, ನಾದಿ, ಲಟ್ಟಿಸಿ, ಚಾಕುವಿನಿಂದ ಪಟ್ಟಿ ಪಟ್ಟಿಯಾಗಿ ಕೊಯ್ದು ಕೋಲಿನ ಮೇಲೆ ಇಳಿಬಿಡುತ್ತಿದ್ದಳು. ಎಂಟು ವರ್ಷ, ಒಂದು ದಿನವೂ ತಪ್ಪದೆ. ಬೋರ್ಡಿನ ಮೇಲೆ ಮಾತ್ರ ‘ಮರಿಯವ್ವನ ಖಾನಾವಳಿ’. ಗಿರಾಕಿಗಳು ಯಾವುದೋ ದೇವಿಯ ಹೆಸರೆಂದು ಕೈಮುಗಿದೇ ಒಳಗೆ ಬರುತ್ತಿದ್ದರು. ಹನಮಂತವ್ವ ಅಷ್ಟು ಮುಗ್ಧೆಯಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಲಿನ ಮರಿಯವ್ವಂದಿರನ್ನೆಲ್ಲ ಗುಟ್ಟಾಗಿ ವಿಚಾರಿಸಿದ್ದಳು. ಸಿಕ್ಕ ಇಬ್ಬರಲ್ಲಿ ಒಬ್ಬಳಿಗೆ ಹಲ್ಲಿರಲಿಲ್ಲ, ಇನ್ನೊಬ್ಬಳಿಗೆ ಒಂಬತ್ತು ವರ್ಷ. ಗಂಡನನ್ನು ಕೇಳಿದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ಅಂದು ನಾನು ಹಳೆಯ ಅಕ್ಷರಗಳನ್ನೆಲ್ಲ ಉಜ್ಜಿ ತೆಗೆಯುವ ಹೊತ್ತಿಗೆ ಹನಮಂತವ್ವ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಳು.

“ಮಾಶಾಕಣ್ಣಾ, ಆ ಹೆಸರ ಮತ್ತ ಬರದ್ರ ನಾ ಈಗಿಂದೀಗ ಶಿಗ್ಲಿಗೆ, ತವರಮನಿಗಿ ಹೊಕ್ಕೀನಿ. ತಿರುಗಿ ಬರೂದಿಲ್ಲ.”

ಹೆದರಿಸುವ ಮಾತಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಏಣಿ ಇಳಿದೆ. “ಲೇ ಹುಲಗ್ಯಾ, ಹೇಳಿಬಿಡಲೇ. ಯಾರಾಕಿ?”

ಹುಲಗಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

“ಮುದಿಕಿ ಅಕಿ. ಮರಿಯಾ ಅಂತ. ನನ್ನ ಬಾಯಾಗ ಮರಿಯವ್ವ ಆತು. ಇಟಲಿಯೊಳಗ, ಸಮುದ್ರದ ದಂಡಿ ಊರು. ನಮ್ಮ ತೋಪಿನ ಗುಂಡ ಬಿದ್ದು ಅಕಿ ಮಗ ಸತ್ತು ಮೂರ ದಿನ ಆಗಿತ್ತು. ನಾ ನೀರ ಕೇಳಾಕ ಹೋದ್ರ ಒಳಗ ಕರದ್ಲು. ಅಸುಂಡ್ಯಾಗ ಯಾರ ಕರದಾರ ನನ್ನ ಒಳಗ? ಅಕಿ ಮಗನ ಕುರ್ಚಿ ಮ್ಯಾಲೆ ಕುಂಡ್ರಿಸಿ, ಮಗನ ತಾಟಿನ್ಯಾಗ ಶಾವಿಗಿ, ಮೀನ ಹಾಕಿ, ನಾ ಉಣ್ಣೂತನಕ ಮಗ್ಗಲಕ ನಿಂತಿದ್ಲು. ನಾಚಿಕಿ ಆಗತೈತಿ ಹೇಳಾಕ. ಹೊಟ್ಟಿ ತುಂಬ ಉಂಡೆ ನಾ.”

ಹನಮಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಳ ಮುಗಿಯಿತು, ಇನ್ನು ಬರೆಯಬಹುದು ಎಂದು ನಾನು ಕುಂಚ ಎತ್ತಿಕೊಂಡೆ. ಗಂಡಸರ ಬುದ್ಧಿ ಎಷ್ಟು ಮೊಂಡು ನೋಡಿ! ಆಕೆ ಗಂಟು ಇನ್ನೂ ಕೆಳಗಿಟ್ಟಿರಲಿಲ್ಲ.

“ಅಕಿ ಒಂದ ದಿನ ಕುಂಡ್ರಿಸಿ ಬಡಿಸಿದ್ದು ನಿನಗ ಹನ್ನೆರಡ ವರ್ಷ ನೆನಪ ಐತಿ,” ಎಂದಳು ಗಂಡನಿಗೆ. “ಎಂಟ ವರ್ಷ ನಾ ಇಲ್ಲಿ ಏನ ಉಂಡೀನಿ, ಗೊತ್ತೈತೇನು ನಿನಗ?”

ಹುಲಗಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೊನೆಯ ಪಂಕ್ತಿ ಎದ್ದ ಮೇಲೆ, ಪಾತ್ರೆ ಖಾಲಿಯಾದ ಮೇಲೆ, ಆಕೆ ಒಲೆಯ ಹಿಂದೆ ಕುಳಿತು ತಂಗಳ ರೊಟ್ಟಿ ಮುರಿಯುವುದನ್ನು ಎಷ್ಟೋ ಸಲ ನೋಡಿದ್ದೆ. ನೋಡಿ, ಕೈ ತೊಳೆದುಕೊಂಡು ನನ್ನ ಪಾಡಿಗೆ ಹೋಗಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹುಲಗಪ್ಪ ಒಳಗೆ ಹೋದ. ನೀರು ಕುದಿಯುವ ಸಪ್ಪಳ ಕೇಳಿತು, ಬೆಳ್ಳುಳ್ಳಿ ಸಿಡಿದ ವಾಸನೆ ಬಂತು. ತಾಟು ತಂದು ಗಿರಾಕಿಗಳ ಮೇಜಿನ ಮೇಲಿಟ್ಟ. ಹೆಂಡತಿಯ ಕೈಯಿಂದ ಗಂಟು ತೆಗೆದುಕೊಂಡು, ಆಕೆಯನ್ನು ಬಾಕಿನ ಮೇಲೆ ಕೂರಿಸಿ, ಮಗ್ಗುಲಲ್ಲಿ ನಿಂತ. ಅಷ್ಟರಲ್ಲಿ ಊಟಕ್ಕೆಂದು ಇಬ್ಬರು ಬಂದರು. “ತಡೀರಿ, ಒಳಗ ಊಟ ನಡದೈತಿ,” ಎಂದು ನಾನೇ ಬಾಗಿಲಲ್ಲಿ ನಿಲ್ಲಿಸಿದೆ.

ಆಕೆ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು.

“ಬಿಸಿ ಇದ್ದಾಗ ಇದು ಹಿಂಗ ಇರತೈತೇನು?” ಎಂದಳು.

“ಇನ್ನೊಂಚೂರು ನೀಡ್ಲೇನು?” ಎಂದ ಹುಲಗಪ್ಪ.

“ನೀಡು,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣಾ, ಅಕಿ ಹೆಸರ ಬರೀರಿ. ಬಾಜೂಕ ನಂದೂ ಬರೀರಿ. ಎರಡೂ ಒಂದ ಅಳತಿ ಇರ್ಲಿ.”